ಎಐ ಡೇಟಾ ಅಸಿಸ್ಟೆಂಟ್‌ಗೆ ಸಂಸ್ಥೆಯ ವಿಷಯ ಎಲ್ಲಿ ಬರೆದಿಡಬೇಕು? ಹಾಲು ಒಕ್ಕೂಟದ ಲೆಕ್ಕದಲ್ಲಿ ಒಂದು ಹೋಲಿಕೆ

ಹಾಲು ಒಕ್ಕೂಟದ ಮಾರಾಟ ವಿಭಾಗದಲ್ಲಿ ಕೂತು, ಸಂಸ್ಥೆಯ ಡೇಟಾಬೇಸ್ ನೋಡಿ ಉತ್ತರಿಸುವ ಎಐ ಅಸಿಸ್ಟೆಂಟ್‌ಗೆ ಹೀಗೊಂದು ಪ್ರಶ್ನೆ ಹಾಕಿ: ‘2025ರ ಮಾರ್ಚ್‌ಗೆ ಹೋಲಿಸಿದರೆ ಏಪ್ರಿಲ್‌ನಲ್ಲಿ ಅರ್ಧ ಲೀಟರ್ ಪ್ಯಾಕೆಟ್ ಹಾಲು ಎಷ್ಟು ಲೀಟರ್ ಹೋಯಿತು?’ ಟೇಬಲ್‌ನಲ್ಲಿ ಇರುವುದು ಪ್ಯಾಕೆಟ್ ಎಣಿಕೆ. ಅದನ್ನು 0.5ರಿಂದ ಗುಣಿಸಿ, ‘ಹೆಚ್ಚುಕಡಿಮೆ ಅಷ್ಟೇ ಇದೆ’ ಎಂದು ಉತ್ತರ ಬರುತ್ತದೆ. ಲೆಕ್ಕ ಸರಿ, ಉತ್ತರ ತಪ್ಪು. 2024ರ ಜೂನ್ 26ರಿಂದ ನಂದಿನಿ ಹಾಲಿನ ಪ್ಯಾಕೆಟ್‌ಗೆ 2 ರೂಪಾಯಿ ಏರಿಸಿ, ಜೊತೆಗೆ 50 ಮಿಲಿ ಹೆಚ್ಚು ಹಾಲು ತುಂಬುತ್ತಿದ್ದರು. ಅರ್ಧ ಲೀಟರಿನ ಪ್ಯಾಕೆಟ್ 550 ಮಿಲಿ, ಒಂದು ಲೀಟರಿನದು 1,050 ಮಿಲಿ ಆಗಿತ್ತು. 2025ರ ಏಪ್ರಿಲ್ 1ರಂದು ದರ ಪರಿಷ್ಕರಣೆಯಾದಾಗ ಅಳತೆ ಮತ್ತೆ 500, 1,000ಕ್ಕೆ ಬಂತು. ಅಂದರೆ ಪ್ಯಾಕೆಟ್ ಎಣಿಕೆ ಅಷ್ಟೇ ಇದ್ದರೆ ಲೀಟರ್ ಲೆಕ್ಕದಲ್ಲಿ ಶೇ. 9ರಷ್ಟು ಇಳಿದಿದೆ.

ಈ ಸಂಗತಿ ಬೂತ್‌ನಲ್ಲಿ ಹಾಲು ಮಾರುವವರಿಗೂ ಗೊತ್ತು. ಎಐಗೆ ಗೊತ್ತಿಲ್ಲ, ಏಕೆಂದರೆ ಯಾವ ಟೇಬಲ್‌ನಲ್ಲೂ ಅದನ್ನು ಬರೆದಿಲ್ಲ. ಸಂಸ್ಥೆಯ ಬಗೆಗಿನ ಇಂಥ ತಿಳಿವಳಿಕೆಯನ್ನು ಅಸಿಸ್ಟೆಂಟ್‌ಗೆ ಕೊಡಲು ಈಗ ಹಲವು ದಾರಿಗಳಿವೆ: ಸೂಚನೆಯ ಕಡತ, ಟೇಬಲ್-ಕಾಲಂ ವಿವರಣೆ, ವ್ಯೂ (ಟೇಬಲ್‌ಗಳಿಂದ ಬೇಕಾದದ್ದನ್ನಷ್ಟೇ ಲೆಕ್ಕ ಹಾಕಿ ತೋರಿಸುವ ಸಿದ್ಧ ನೋಟ) ಅಥವಾ ಸೆಮ್ಯಾಂಟಿಕ್ ಲೇಯರ್, ಮಾದರಿ ಪ್ರಶ್ನೆ-ಕ್ವೆರಿಗಳು (ಕ್ವೆರಿ ಎಂದರೆ ಡೇಟಾಬೇಸ್‌ಗೆ ಕೊಡುವ ಆದೇಶ), ದಾಖಲೆಗಳ ಹುಡುಕಾಟ, ಫೈನ್-ಟ್ಯೂನಿಂಗ್ (ಮಾಡೆಲ್‌ಗೇ ಮತ್ತೆ ತರಬೇತಿ ಕೊಡುವುದು), ಚಾಟ್‌ನ ನೆನಪು. ಸಾಫ್ಟ್‌ವೇರ್ ಮಾರುವವರು ಎಲ್ಲವನ್ನೂ ‘ಕಾಂಟೆಕ್ಸ್ಟ್’ ಎಂಬ ಒಂದೇ ಚೀಲಕ್ಕೆ ಹಾಕಿ ತೋರಿಸುತ್ತಾರೆ. ಬಳಸುವವರಿಗೆ ಇವು ಬೇರೆ ಬೇರೆ. ಒಂದೊಂದು ಒಂದೊಂದು ಕಡೆ ಮುರಿಯುತ್ತದೆ, ಮುರಿದದ್ದು ಗೊತ್ತಾಗುವ ರೀತಿಯೂ ಬೇರೆ.

ಹಿನ್ನೆಲೆ ಮಾಹಿತಿಯಿಂದ ಎಷ್ಟು ಲಾಭ ಎಂಬುದಕ್ಕೆ ಒಂದು ಅಳತೆ ಇದೆ. 2023ರಲ್ಲಿ ಬಂದ ಬರ್ಡ್ ಎಂಬ ಪರೀಕ್ಷೆಯಲ್ಲಿ ಮಾತಿನ ಪ್ರಶ್ನೆಯನ್ನು ಡೇಟಾಬೇಸ್‌ಗೆ ಅರ್ಥವಾಗುವ ಎಸ್‌ಕ್ಯೂಎಲ್ ಭಾಷೆಯ ಕ್ವೆರಿಯಾಗಿ ಬರೆಸುತ್ತಾರೆ. ಅದರಲ್ಲಿ ಆಗಿನ ಜಿಪಿಟಿ-4 ಎಂಬ ಎಐ ಮಾಡೆಲ್ ಹಿನ್ನೆಲೆ ಟಿಪ್ಪಣಿ ಇಲ್ಲದೆ ಸುಮಾರು ಶೇ. 35, ಟಿಪ್ಪಣಿ ಕೊಟ್ಟಾಗ ಸುಮಾರು ಶೇ. 55 ಸರಿ ಉತ್ತರ ತೆಗೆಯಿತು. ಮನುಷ್ಯರ ಮಟ್ಟ ಶೇ. 93ರ ಹತ್ತಿರ ಇತ್ತು. ಮಾಡೆಲ್‌ಗಳು ಆಮೇಲೆ ಬಹಳ ಮುಂದೆ ಹೋಗಿವೆ. ಆದರೂ 550 ಮಿಲಿ ಸಂಗತಿಯನ್ನು ಎಷ್ಟೇ ಜಾಣ ಮಾಡೆಲ್ ಊಹಿಸಿಕೊಳ್ಳಲಾರದು.

ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ: ಅಂಕಿಯನ್ನು ಬದಲಿಸುವ ಯಾವ ವಿಷಯವೂ ಬರೀ ವಾಕ್ಯದ ರೂಪದಲ್ಲಿ ಇರಬಾರದು. ಅದು ಟೇಬಲ್‌ನಲ್ಲೋ ವ್ಯೂನಲ್ಲೋ ಸೂತ್ರದಲ್ಲೋ ಕೂರಬೇಕು. ವಾಕ್ಯಗಳು ಶಬ್ದದ ಅರ್ಥ ಹೇಳಲು, ಉತ್ತರ ಹೇಗಿರಬೇಕು ಎಂದು ತಿಳಿಸಲು ಸಾಕು.

ಮೊದಲು ಎರಡು ವಾರ ಪ್ರಶ್ನೆ ಕೂಡಿಹಾಕಿ

ಯಾವ ಸಾಫ್ಟ್‌ವೇರ್ ಎಂದು ನೋಡುವ ಮೊದಲು ಎಂಐಎಸ್ (ಮಾಹಿತಿ-ವರದಿ) ವಿಭಾಗಕ್ಕೆ ಬರುವ ಪ್ರಶ್ನೆಗಳನ್ನು ಎರಡು ವಾರ ಹಾಗ್ಹಾಗೇ ಬರೆದಿಡಿ. ಎಂಡಿ ಕೊಠಡಿಯಿಂದ ಬೆಳಗ್ಗೆ ಬರುವ ಫೋನ್, ಶೇಖರಣೆ ವಿಭಾಗದ ವಾಟ್ಸ್ಆ್ಯಪ್, ಆಡಳಿತ ಮಂಡಳಿ ಸಭೆಗೆ ಕೇಳುವ ಪಟ್ಟಿ, ಎಲ್ಲವೂ ಬರಲಿ. ಪದಗಳನ್ನು ತಿದ್ದಬೇಡಿ. ‘ನಿನ್ನೆ ಎಷ್ಟು ಬಂತು’ ಎಂದಿದ್ದರೆ ಹಾಗೆಯೇ ಇರಲಿ. 40-50 ಪ್ರಶ್ನೆ ಸಾಕು. ಪ್ರತಿಯೊಂದರ ಪಕ್ಕ ಕೈಯಿಂದ ತೆಗೆದ ಸರಿ ಉತ್ತರ ಬರೆಯಿರಿ. ‘ಹೊಸಬನಾಗಿದ್ದರೆ ಎಲ್ಲಿ ಎಡವುತ್ತಿದ್ದ?’ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ.

ಕೊನೆಯ ಕಾಲಂ ಓದಿದರೆ ನಾಲ್ಕು ಗುಂಪು ಕಾಣುತ್ತವೆ. ಶಬ್ದದ ಗೊಂದಲ, ಸೂತ್ರದ ಗೊಂದಲ, ದಿನಾಂಕಕ್ಕೆ ಕಟ್ಟಿಬಿದ್ದ ಸಂಗತಿ, ಮತ್ತು ‘ಯಾಕೆ ಹೀಗಾಯಿತು’ ಎಂಬ ಕಾರಣದ ಪ್ರಶ್ನೆ. ಈ ಗುಂಪೇ ದಾರಿಯನ್ನು ಆರಿಸಿಕೊಡುತ್ತದೆ.

ಸೂಚನೆಯ ಕಡತ: ಅಗ್ಗ, ಬೇಗ, ಬೇಗ ಕೆಡುವಂಥದ್ದು

ಬಹುತೇಕ ಅಸಿಸ್ಟೆಂಟ್‌ಗಳಲ್ಲಿ ‘ಇನ್‌ಸ್ಟ್ರಕ್ಷನ್ಸ್’ ಎಂಬ ಒಂದು ಪೆಟ್ಟಿಗೆ ಇರುತ್ತದೆ. ಅದರಲ್ಲಿ ಬರೆದದ್ದು ಪ್ರತಿ ಪ್ರಶ್ನೆಯ ಜೊತೆಗೂ ಮಾಡೆಲ್‌ಗೆ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಶುರು ಮಾಡಬಹುದು, ಎಂಜಿನಿಯರ್ ಬೇಕಿಲ್ಲ. ಒಕ್ಕೂಟಕ್ಕೆ ಒಪ್ಪುವ ಬರಹ ಹೀಗಿರಬಹುದು:

‘ಈ ಸಾಲು’, ‘2024-25ನೇ ಸಾಲು’ ಎಂದರೆ ಹಣಕಾಸು ವರ್ಷ, ಏಪ್ರಿಲ್ 1ರಿಂದ ಮಾರ್ಚ್ 31. ಟೇಬಲ್‌ನ ಸಾಲು ಅಲ್ಲ, ಸಾಲವೂ ಅಲ್ಲ.
‘ಸದಸ್ಯರು ಎಷ್ಟು’ ಎಂದು ಕೇಳಿದರೆ ನೋಂದಾಯಿತ ಸದಸ್ಯರೋ ಹಾಲು ಹಾಕುವ ಸದಸ್ಯರೋ ಎಂದು ಮರುಕೇಳು.
‘ನೀಲಿ ಪ್ಯಾಕೆಟ್’ ಎಂದರೆ ಟೋನ್ಡ್ ಹಾಲು.
ಮೊತ್ತವನ್ನು ಲಕ್ಷ, ಕೋಟಿಯಲ್ಲಿ ಹೇಳು. ಮಿಲಿಯನ್ ಬೇಡ.
ಉತ್ತರದ ಕೊನೆಗೆ ಯಾವ ವ್ಯೂ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದು ಬರೆ.

ಮೊದಲ ಸೂಚನೆ ತಮಾಷೆಗೆ ಬರೆದದ್ದಲ್ಲ. ಕಚೇರಿ ಕನ್ನಡದಲ್ಲಿ ‘ಸಾಲು’ ಎಂದರೆ ವರ್ಷ, ಡೇಟಾ ಕನ್ನಡದಲ್ಲಿ ‘ಸಾಲು’ ಎಂದರೆ ರೋ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರ ಕೈಯಲ್ಲಿ ಅದು ಸಾಲವೂ ಆಗಿಬಿಡುತ್ತದೆ.

ಕೆಡುವುದು ಹೇಗೆ? ಪ್ರತಿ ತಪ್ಪು ಉತ್ತರಕ್ಕೂ ಒಂದು ಸಾಲು ಸೇರಿಸುತ್ತ ಹೋಗುತ್ತಾರೆ. ಮೂರು ತಿಂಗಳಲ್ಲಿ ಎಂಟು ಪುಟ. ಎರಡನೇ ಪುಟದಲ್ಲಿ ‘ಮಾರಾಟ ಎಂದರೆ ಹಾಲು ಮಾತ್ರ’, ಆರನೇ ಪುಟದಲ್ಲಿ ‘ಮಾರಾಟದಲ್ಲಿ ಮೊಸರನ್ನೂ ಸೇರಿಸು’. ಮಾಡೆಲ್ ಒಂದೊಂದು ದಿನ ಒಂದೊಂದನ್ನು ಪಾಲಿಸುತ್ತದೆ. ಉದ್ದದ ಪಠ್ಯದ ನಡುವೆ ಸಿಕ್ಕಿಕೊಂಡ ಮಾಹಿತಿಯನ್ನು ಭಾಷಾ ಮಾಡೆಲ್‌ಗಳು ಆರಂಭ ಮತ್ತು ಕೊನೆಯ ಮಾಹಿತಿಗಿಂತ ಕಡಿಮೆ ಬಳಸುತ್ತವೆ ಎಂಬುದು 2023ರ ಸಂಶೋಧನೆಯಲ್ಲೇ ಕಂಡಿತ್ತು. ಹಾಗಾಗಿ ಮಿತಿ ಹಾಕಿಕೊಳ್ಳಿ: ಎ4 ಹಾಳೆಯ ಒಂದು ಪುಟ, 30 ಸಾಲು. ಹೊಸದೊಂದು ಬರಬೇಕಾದರೆ ಹಳೆಯದೊಂದು ಹೋಗಬೇಕು, ಇಲ್ಲವೇ ಕೆಳಗೆ ಹೇಳುವ ಬೇರೆ ಜಾಗಕ್ಕೆ ಇಳಿಯಬೇಕು.

ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ನಡೆಯುತ್ತದೆ, ಆದರೆ ಜಾಗ ಹೆಚ್ಚು ತಿನ್ನುತ್ತದೆ. ‘ಕ್ಷೀ’ ಎಂಬ ಒಂದು ಅಕ್ಷರ ಕಂಪ್ಯೂಟರ್‌ನ ಯುನಿಕೋಡ್ ಅಕ್ಷರ ಪದ್ಧತಿಯಲ್ಲಿ ನಾಲ್ಕು ಸಂಕೇತ, ಅದನ್ನು ಉಳಿಸುವ ಯುಟಿಎಫ್-8 ರೂಪದಲ್ಲಿ 12 ಬೈಟ್. ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕು) ಎಣಿಕೆಯೂ ಅದೇ ವಿಷಯದ ಇಂಗ್ಲಿಷ್ ಬರಹಕ್ಕಿಂತ ಏರುತ್ತದೆ. ಸಿಬ್ಬಂದಿ ಬಳಸುವ ಕನ್ನಡ ಪದಗಳ ಅರ್ಥವನ್ನು ಕನ್ನಡದಲ್ಲೇ ಇಡಿ, ಉಳಿದ ನಿಯಮಗಳು ಇಂಗ್ಲಿಷ್‌ನಲ್ಲಿದ್ದರೂ ಅಡ್ಡಿಯಿಲ್ಲ. ತಪ್ಪು ಹಿಡಿಯಬೇಕಾದವರು ಯಾವ ಭಾಷೆಯಲ್ಲಿ ಓದುತ್ತಾರೋ ಅದೇ ಭಾಷೆ ಮೇಲು.

ಕಾಲಂ ವಿವರಣೆ: ಬೇಸರದ ಕೆಲಸ, ಒಳ್ಳೆಯ ಫಲ

ಡೇಟಾಬೇಸ್‌ನಲ್ಲಿ ಪ್ರತಿ ಟೇಬಲ್, ಪ್ರತಿ ಕಾಲಂಗೆ ಟಿಪ್ಪಣಿ ಬರೆಯುವ ಸೌಲಭ್ಯ ಮೊದಲಿನಿಂದಲೂ ಇದೆ. ಪೋಸ್ಟ್‌ಗ್ರೆಸ್, ಒರಾಕಲ್, ಮೈಎಸ್‌ಕ್ಯೂಎಲ್ ಎಲ್ಲದರಲ್ಲೂ ಸಿಗುತ್ತದೆ. ಯಾರೂ ಬರೆಯುತ್ತಿರಲಿಲ್ಲ, ಓದುವವರಿಲ್ಲ ಎಂದು. ಈಗ ಓದುಗ ಬಂದಿದ್ದಾನೆ. ಅಸಿಸ್ಟೆಂಟ್ ಕ್ವೆರಿ ಬರೆಯುವ ಮೊದಲು ಈ ಟಿಪ್ಪಣಿಗಳನ್ನು ನೋಡುತ್ತದೆ.

‘ಪ್ರಮಾಣ: ಹಾಲಿನ ಪ್ರಮಾಣ’ ಎಂಬ ಟಿಪ್ಪಣಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬೇಕಾದದ್ದು ಇಂಥದ್ದು: ‘ಡೇರಿಯ ಡಾಕ್‌ನಲ್ಲಿ (ಲಾರಿಯಿಂದ ಹಾಲು ಇಳಿಸುವ ಕಟ್ಟೆ) ತೂಗಿದ ಹಾಲು, ಘಟಕ ಕೆಜಿ. ಸಂಘದಲ್ಲಿ ಅಳೆದ ಲೀಟರ್ ಅಲ್ಲ. ಹುಳಿ ಮತ್ತು ಒಡೆದ ಹಾಲು ಸೇರಿಲ್ಲ. ಖಾಲಿ ಇದ್ದರೆ ಆ ಪಾಳಿ ಲಾರಿ ಬಂದಿಲ್ಲ ಎಂದರ್ಥ, ಸೊನ್ನೆ ಅಲ್ಲ.’ ಘಟಕ, ಎಲ್ಲಿ ಅಳೆದದ್ದು, ಏನು ಸೇರಿದೆ, ಏನು ಸೇರಿಲ್ಲ, ಖಾಲಿಗೆ ಏನರ್ಥ: ಈ ಐದಕ್ಕೆ ಉತ್ತರವಿದ್ದರೆ ಟಿಪ್ಪಣಿ ಮುಗಿಯಿತು.

ಲೀಟರ್-ಕೆಜಿ ಸಣ್ಣ ವಿಷಯವಲ್ಲ. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ದಿನಕ್ಕೆ 5 ಲಕ್ಷ ಲೀಟರ್ ಶೇಖರಿಸುವ ಒಕ್ಕೂಟದಲ್ಲಿ ಘಟಕ ಅದಲುಬದಲಾದರೆ 15 ಸಾವಿರದ ವ್ಯತ್ಯಾಸ. ಆ ವ್ಯತ್ಯಾಸ ನೋಡಿ ಸೋರಿಕೆ ಹುಡುಕಲು ಹೊರಟರೆ ಒಂದು ವಾರ ಹಾಳು.

ಮಿತಿಗಳು ಗೊತ್ತಿರಲಿ. ಮೈಎಸ್‌ಕ್ಯೂಎಲ್‌ನಲ್ಲೂ ಗೂಗಲ್ ಬಿಗ್‌ಕ್ವೆರಿಯಲ್ಲೂ ಕಾಲಂ ವಿವರಣೆಗೆ 1,024 ಕ್ಯಾರೆಕ್ಟರ್ ಗರಿಷ್ಠ. ಕನ್ನಡದಲ್ಲಿ ಒತ್ತು, ಸ್ವರಚಿಹ್ನೆಗಳೂ ಬೇರೆ ಬೇರೆ ಎಣಿಕೆಯಾಗುವುದರಿಂದ ಅದು ಬೇಗ ತುಂಬುತ್ತದೆ. ಇದಕ್ಕಿಂತ ಕಾಡುವ ತೊಂದರೆ ಬೇರೆ ಇದೆ. ರಾತ್ರಿ ತಾನಾಗಿ ಓಡುವ ಜಾಬ್ (ಕಂಪ್ಯೂಟರ್ ಕೆಲಸ) ಟೇಬಲ್ ಅಳಿಸಿ ಹೊಸದಾಗಿ ಕಟ್ಟುವ ವ್ಯವಸ್ಥೆ ಇದ್ದರೆ ಬೆಳಗಾಗುವಷ್ಟರಲ್ಲಿ ಟಿಪ್ಪಣಿಗಳೆಲ್ಲ ಮಾಯ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್‌ನ ಟಿಪ್ಪಣಿ ಅದರ ಮೇಲೆ ಕಟ್ಟಿದ ವ್ಯೂಗೆ ತಾನಾಗಿ ಬರುವುದೂ ಇಲ್ಲ, ಮತ್ತೆ ಬರೆಯಬೇಕು. ಟಿಪ್ಪಣಿಗಳನ್ನು ಒಂದು ಸ್ಕ್ರಿಪ್ಟ್ ಕಡತದಲ್ಲಿಟ್ಟು ಜಾಬ್‌ನ ಕೊನೆಯ ಹೆಜ್ಜೆಯಾಗಿ ಓಡಿಸಿ. ಡಿಬಿಟಿ (ಡೇಟಾ ಟೇಬಲ್ ಕಟ್ಟುವ dbt ಎಂಬ ಸಾಧನ) ಬಳಸುವವರಿಗೆ ಇದಕ್ಕೆಂದೇ ಒಂದು ಸೆಟ್ಟಿಂಗ್ ಇದೆ, ಆನ್ ಮಾಡಲು ಮರೆಯುವವರೇ ಹೆಚ್ಚು.

ವ್ಯೂ ಮತ್ತು ಸೆಮ್ಯಾಂಟಿಕ್ ಲೇಯರ್: ಹೆಚ್ಚು ಬೆವರು ಸುರಿಸಬೇಕಾದ ಜಾಗ

ಸೆಮ್ಯಾಂಟಿಕ್ ಲೇಯರ್ ಎಂದರೆ ‘ನಮ್ಮಲ್ಲಿ ಸರಾಸರಿ ಫ್ಯಾಟ್ ಎಂದರೆ ಈ ಸೂತ್ರ, ಮಾರಾಟ ಎಂದರೆ ಈ ಫಿಲ್ಟರ್, ಈ ಟೇಬಲ್ ಆ ಟೇಬಲ್‌ಗೆ ಈ ಕೀಲಿಯಿಂದ ಸೇರುತ್ತದೆ’ ಎಂದು ಯಂತ್ರ ಪಾಲಿಸಲೇಬೇಕಾದ ರೂಪದಲ್ಲಿ ಬರೆದಿಡುವುದು. ಸ್ನೋಫ್ಲೇಕ್‌ನ ಕಾರ್ಟೆಕ್ಸ್ ಅನಲಿಸ್ಟ್, ಡೇಟಾಬ್ರಿಕ್ಸ್‌ನ ಜೀನಿ, ಲುಕರ್‌ನ ಲುಕ್‌ಎಂಎಲ್, ಪವರ್ ಬಿಐಯ ಮಾಡೆಲ್ ಇವೆಲ್ಲ ಒಂದೊಂದು ರೀತಿಯಲ್ಲಿ ಇದನ್ನೇ ಮಾಡುತ್ತವೆ. ಇವು ಯಾವುವೂ ಇಲ್ಲದ ಒಕ್ಕೂಟ ಬರೀ ಪೋಸ್ಟ್‌ಗ್ರೆಸ್ ವ್ಯೂಗಳಿಂದ ಇದರ ಬಹುಪಾಲು ಕೆಲಸ ತೆಗೆಯಬಹುದು. ಲೈಸೆನ್ಸ್ ಖರೀದಿಸುವ ಮೊದಲು ಅದನ್ನು ಮಾಡಿ ನೋಡಿ ಎಂಬುದು ನಮ್ಮ ಸಲಹೆ.

ಸರಾಸರಿ ಫ್ಯಾಟ್ ತೆಗೆದುಕೊಳ್ಳಿ. ಒಂದು ಸಂಘ 1,000 ಕೆಜಿ ಹಾಲು ಕಳಿಸಿದೆ, ಫ್ಯಾಟ್ 4.0. ಇನ್ನೊಂದು 100 ಕೆಜಿ, ಫ್ಯಾಟ್ 3.2. ಫ್ಯಾಟ್ ಕಾಲಂನ ಸರಾಸರಿ ತೆಗೆದರೆ 3.6. ನಿಜವಾದ ಲೆಕ್ಕದಲ್ಲಿ ಮೊದಲನೆಯದರಿಂದ 40 ಕೆಜಿ, ಎರಡನೆಯದರಿಂದ 3.2 ಕೆಜಿ ಫ್ಯಾಟ್. ಒಟ್ಟು 43.2ನ್ನು 1,100ರಿಂದ ಭಾಗಿಸಿದರೆ 3.93. ‘ಸರಾಸರಿ’ ಎಂದ ಕೂಡಲೇ ಕಾಲಂ ಮೇಲೆ ಸರಾಸರಿ ಫಂಕ್ಷನ್ ಹಾಕುವುದು ಅಸಿಸ್ಟೆಂಟ್‌ಗೆ ಸಹಜ. ‘ತೂಕದ ಸರಾಸರಿ ತೆಗೆ’ ಎಂದು ಸೂಚನೆಯ ಕಡತದಲ್ಲಿ ಬರೆದರೆ ಬಹಳ ಸಲ ಪಾಲಿಸುತ್ತದೆ, ಕೆಲವು ಸಲ ಮರೆಯುತ್ತದೆ. ಯಾವ ಸಲ ಮರೆಯಿತು ಎಂದು 3.6 ನೋಡಿದವರಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಅದೂ ನಂಬುವಂಥ ಅಂಕಿಯೇ. ದಿನಕ್ಕೆ 5 ಲಕ್ಷ ಕೆಜಿಯಲ್ಲಿ 0.1 ವ್ಯತ್ಯಾಸ ಎಂದರೆ 500 ಕೆಜಿ ಫ್ಯಾಟ್. ಹಾಗಾಗಿ ವ್ಯೂನಲ್ಲಿ ಫ್ಯಾಟ್ ಶೇಕಡಾ ಕಾಲಂ ಕೊಡಲೇಬೇಡಿ. ‘ಫ್ಯಾಟ್ ಕೆಜಿ’ ಮತ್ತು ‘ಹಾಲು ಕೆಜಿ’ ಎರಡನ್ನೇ ಕೊಡಿ. ತಪ್ಪು ಮಾಡಲು ದಾರಿಯೇ ಇಲ್ಲದ ಹಾಗೆ ಕಟ್ಟುವುದೇ ಈ ಕೆಲಸದ ಗುಟ್ಟು.

ಇನ್ನು 550 ಮಿಲಿ. ಇದಕ್ಕೆ ‘ಪ್ಯಾಕ್ ಅಳತೆ’ ಎಂಬ ಪುಟ್ಟ ಟೇಬಲ್ ಬೇಕು: ಉತ್ಪನ್ನದ ಕೋಡ್, ಯಾವ ದಿನದಿಂದ, ಯಾವ ದಿನದವರೆಗೆ, ಎಷ್ಟು ಮಿಲಿ. ಅರ್ಧ ಲೀಟರಿನದಕ್ಕೆ ಮೂರು ಸಾಲು. 2024ರ ಜೂನ್ 25ರವರೆಗೆ 500, ಜೂನ್ 26ರಿಂದ 2025ರ ಮಾರ್ಚ್ 31ರವರೆಗೆ 550, ಏಪ್ರಿಲ್ 1ರಿಂದ 500. ಮಾರಾಟದ ವ್ಯೂ ಈ ಟೇಬಲ್‌ಗೆ ಸೇರಿ ಲೀಟರ್ ಕಾಲಂ ಅನ್ನು ತಾನೇ ಲೆಕ್ಕ ಹಾಕಿ ಕೊಡಲಿ. ಇಲ್ಲಿ ಬಹಳ ಜನ ಎಡವುವುದು ಕೊನೆಯ ಸಾಲಿನಲ್ಲಿ. ‘ಯಾವ ದಿನದವರೆಗೆ’ ಖಾಲಿ ಬಿಟ್ಟರೆ ‘ಈ ದಿನಾಂಕಗಳ ನಡುವೆ’ ಎಂಬ ಷರತ್ತು ಅಲ್ಲಿ ಕೆಲಸ ಮಾಡುವುದಿಲ್ಲ, ಚಾಲ್ತಿ ಮಾರಾಟವೆಲ್ಲ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಅಲ್ಲಿ 9999ರ ಡಿಸೆಂಬರ್ 31 ಎಂದು ತುಂಬಿ.

ಇದೇ ಆಕಾರದ ಟೇಬಲ್ ಜಿಎಸ್‌ಟಿಗೂ ಬೇಕು. ತುಪ್ಪ, ಬೆಣ್ಣೆ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದವು. ‘ತುಪ್ಪಕ್ಕೆ ಶೇ. 5’ ಎಂದು ಸೂಚನೆಯಲ್ಲಿ ಬರೆದವರ ಅಸಿಸ್ಟೆಂಟ್ 2025ರ ಆಗಸ್ಟ್ ತಿಂಗಳ ಲೆಕ್ಕವನ್ನೂ ಶೇ. 5ರಲ್ಲೇ ತೆಗೆಯುತ್ತದೆ.

ಜಿಲ್ಲೆಗಳ ಕಥೆಯೂ ಹೀಗೆಯೇ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನ ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಆ ಕಡೆ ಹೋದವು. ಜಿಲ್ಲೆಯ ಹೆಸರಿನ ಮೇಲೆ 2019ನ್ನೂ 2023ನ್ನೂ ಹೋಲಿಸಿದರೆ ಬಳ್ಳಾರಿಯಲ್ಲಿ ಏನೋ ಅನಾಹುತ ಆದಂತೆ ಕಾಣುತ್ತದೆ. ತಾಲ್ಲೂಕಿನ ಕೋಡ್ ಮೇಲೆ ಕಟ್ಟಿ, ಜಿಲ್ಲೆಯನ್ನು ‘ಆಗಿನ ಜಿಲ್ಲೆ’, ‘ಈಗಿನ ಜಿಲ್ಲೆ’ ಎಂದು ಎರಡು ಕಾಲಂ ಮಾಡಿ. ಊರ ಹೆಸರಿಗೂ ಒಂದು ಪರ್ಯಾಯ ಪಟ್ಟಿ ಇರಲಿ. 2014ರ ನವೆಂಬರ್ 1ರಂದು 12 ನಗರಗಳ ಇಂಗ್ಲಿಷ್ ಹೆಸರು ಬದಲಾದ ಮೇಲೆ ಹಳೆಯ ಸಾಲುಗಳಲ್ಲಿ ಹುಬ್ಲಿ, ಹೊಸವುಗಳಲ್ಲಿ ಹುಬ್ಬಳ್ಳಿ ಇರುವ ಟೇಬಲ್‌ಗಳು ಎಷ್ಟೋ.

‘ನಿನ್ನೆ ಎಷ್ಟು ಬಂತು’ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಸಿಗಬೇಕು. ನಿನ್ನೆ ಸಂಜೆಯ ಪಾಳಿಯ ಹಾಲು ಇವತ್ತು ಬೆಳಗಿನ ಹಾಲಿನ ಜೊತೆ ಲಾರಿ ಹತ್ತಿ ಬಂದರೆ ಅದು ಯಾವ ದಿನದ ಲೆಕ್ಕ? ಸಂಘದ ಪುಸ್ತಕದಲ್ಲಿ ನಿನ್ನೆ, ಡಾಕ್ ಪುಸ್ತಕದಲ್ಲಿ ಇವತ್ತು. ‘ಶೇಖರಣೆ ದಿನ’, ‘ಡಾಕ್ ದಿನ’ ಎಂದು ಎರಡು ಕಾಲಂ ಇಟ್ಟು, ಪ್ರಶ್ನೆಯಲ್ಲಿ ಏನೂ ಹೇಳದಿದ್ದರೆ ಯಾವುದು ಎಂಬುದನ್ನು ಎಂಡಿ ಮಟ್ಟದಲ್ಲಿ ಒಮ್ಮೆ ತೀರ್ಮಾನಿಸಿ. ಈ ತೀರ್ಮಾನ ಎಂಐಎಸ್ ವಿಭಾಗದ್ದಲ್ಲ, ಎಐದಂತೂ ಅಲ್ಲವೇ ಅಲ್ಲ.

ಕೊನೆಯದಾಗಿ ಟೇಬಲ್ ಜೋಡಣೆ. ಬಟವಾಡೆ (ಸಂಘಗಳಿಗೆ ಹಾಲಿನ ಹಣ ಪಾವತಿ) ಟೇಬಲ್‌ನಲ್ಲಿ 15 ದಿನಕ್ಕೆ ಒಂದು ಸಾಲು, ಶೇಖರಣೆ ಟೇಬಲ್‌ನಲ್ಲಿ ಅದೇ 15 ದಿನಕ್ಕೆ ಎರಡು ಪಾಳಿಯಂತೆ 30 ಸಾಲು. ಎರಡನ್ನೂ ಸಂಘದ ಕೋಡ್ ಮತ್ತು ಅವಧಿಯ ಮೇಲೆ ನೇರವಾಗಿ ಜೋಡಿಸಿ ಮೊತ್ತ ತೆಗೆದರೆ ಬಟವಾಡೆ 30 ಪಟ್ಟು. ಇದು ಯಾರ ಕಣ್ಣಿಗಾದರೂ ಬೀಳುತ್ತದೆ. ಒಂದೆರಡು ಸಂಘಕ್ಕೆ ಮಾತ್ರ ಎರಡು ಬ್ಯಾಂಕ್ ಖಾತೆ ಇದ್ದು ಆ ಸಾಲುಗಳಷ್ಟೇ ದ್ವಿಗುಣವಾದರೆ ಬೀಳುವುದಿಲ್ಲ. ಯಾವ ವ್ಯೂನಲ್ಲಿ ಒಂದು ಸಾಲು ಎಂದರೆ ಏನು ಎಂದು ವಿವರಣೆಯ ಮೊದಲ ವಾಕ್ಯದಲ್ಲೇ ಬರೆಯಿರಿ. ಎರಡು ಬೇರೆ ಅಳತೆಯ ಟೇಬಲ್‌ಗಳನ್ನು ಅಸಿಸ್ಟೆಂಟ್ ಕೈಯಲ್ಲಿ ಜೋಡಿಸಲು ಬಿಡದೆ, ಮೊದಲೇ ಒಂದೇ ಅಳತೆಗೆ ತಂದ ವ್ಯೂ ಕೊಡಿ.

ಈ ದಾರಿಯ ದೋಷ ಸಮಯ. 60 ಟೇಬಲ್‌ನ ಒಕ್ಕೂಟದಲ್ಲಿ ಎಲ್ಲವನ್ನೂ ಮುಟ್ಟಲು ಹೋದರೆ ವರ್ಷ ಬೇಕು. ಕೂಡಿಹಾಕಿದ ಪ್ರಶ್ನೆಗಳಿಗೆ ಬೇಕಾದ ಎಂಟು-ಹತ್ತು ವ್ಯೂ ಮಾತ್ರ ಕಟ್ಟಿ, ಅಸಿಸ್ಟೆಂಟ್‌ಗೆ ಅವನ್ನಷ್ಟೇ ತೋರಿಸಿ. ಡೇಟಾ ಬಲ್ಲ ಒಬ್ಬರು, ಶೇಖರಣೆ-ಮಾರಾಟ-ಲೆಕ್ಕಪತ್ರ ಬಲ್ಲ ಒಬ್ಬರು ಕೂತರೆ ಮೂರು-ನಾಲ್ಕು ವಾರದ ಕೆಲಸ. ಎರಡನೆಯವರಿಲ್ಲದೆ ಶುರು ಮಾಡಬೇಡಿ.

ಮಾದರಿ ಪ್ರಶ್ನೆ-ಕ್ವೆರಿಗಳು

‘ಹಿಂದಿನ ಬಟವಾಡೆಗಿಂತ ಹಾಲು ಶೇ. 20ಕ್ಕೂ ಹೆಚ್ಚು ಇಳಿದ ಸಂಘಗಳು ಯಾವುವು?’ ಇಂಥ ಸುತ್ತುಬಳಸಿನ ಪ್ರಶ್ನೆಗೆ ಸರಿಯಾದ ಕ್ವೆರಿಯನ್ನೇ ಬರೆದು ಜೋಡಿಯಾಗಿ ಇಡಬಹುದು. ಅದನ್ನು ಹೋಲುವ ಪ್ರಶ್ನೆ ಬಂದಾಗ ಅಸಿಸ್ಟೆಂಟ್ ಆ ಮಾದರಿಯಂತೆ ಬರೆಯುತ್ತದೆ. ಹತ್ತು ವಾಕ್ಯದ ಸೂಚನೆಗಿಂತ ಇಂಥ ಒಂದು ಮಾದರಿ ಮೇಲು.

15-25 ಜೋಡಿ ಸಾಕು, ಆದರೆ ಒಂದೊಂದೂ ಬೇರೆ ಆಕಾರದ್ದಾಗಿರಲಿ. ಮಾರಾಟದ ಬಗ್ಗೆಯೇ 20 ಮಾದರಿ ಇಟ್ಟರೆ ಶೇಖರಣೆಯ ಪ್ರಶ್ನೆಗೂ ಮಾರಾಟದ ಟೇಬಲ್ ಹುಡುಕಿಕೊಂಡು ಹೋಗುತ್ತದೆ. ಮಾದರಿಯೊಳಗೆ ನಿಗದಿತ ದಿನಾಂಕ ಬರೆಯಬೇಡಿ. ‘2025-04-01’ ಎಂದು ಬರೆದಿದ್ದರೆ ಮುಂದಿನ ವರ್ಷವೂ ಅದನ್ನೇ ನಕಲು ಹೊಡೆಯುವ ಸಾಧ್ಯತೆ ಇದೆ, ಇವತ್ತಿನ ದಿನಾಂಕದಿಂದ ಲೆಕ್ಕ ಹಾಕುವಂತೆ ಬರೆಯಿರಿ. ಕಾಲಂ ಹೆಸರು ಬದಲಾದ ದಿನ ಮಾದರಿಗಳು ಸತ್ತಿರುತ್ತವೆ, ಹೇಳುವವರಿರುವುದಿಲ್ಲ. ಎಲ್ಲ ಮಾದರಿಗಳನ್ನೂ ವಾರಕ್ಕೊಮ್ಮೆ ತಾನಾಗಿ ಓಡಿಸಿ, ದೋಷ ಬಂದದ್ದನ್ನು ಇಮೇಲ್ ಮಾಡುವ ಸಣ್ಣ ಜಾಬ್ ಇರಲಿ.

ದಾಖಲೆಗಳ ಹುಡುಕಾಟ, ಮತ್ತು ನುಡಿ ಫಾಂಟಿನ ಕಾಟ

ಸುತ್ತೋಲೆ, ನಡವಳಿ, ಕೈಪಿಡಿಗಳನ್ನೆಲ್ಲ 300-500 ಟೋಕನ್‌ನ ತುಂಡು ಮಾಡಿ ಸೂಚಿ ಕಟ್ಟಿಟ್ಟು, ಪ್ರಶ್ನೆಗೆ ಹತ್ತಿರದ ತುಂಡುಗಳನ್ನು ಮಾಡೆಲ್‌ಗೆ ಕೊಡುವ ವಿಧಾನಕ್ಕೆ ರ್‍ಯಾಗ್ ಎನ್ನುತ್ತಾರೆ. ‘ಈ ರೂಟ್‌ನಲ್ಲಿ ಜುಲೈನಲ್ಲಿ ಹಾಲು ಇಳಿದದ್ದು ಯಾಕೆ?’ ಎಂಬಂಥ ಕಾರಣದ ಪ್ರಶ್ನೆಗೆ ಇದು ಸರಿ. ಅಂಕಿಗೆ ಸರಿಯಲ್ಲ. ಹುಡುಕಾಟಕ್ಕೆ ‘ಹತ್ತಿರದ್ದು’ ಗೊತ್ತೇ ಹೊರತು ‘ಇತ್ತೀಚಿನದು’ ಗೊತ್ತಿಲ್ಲ. ದರ ಪರಿಷ್ಕರಣೆಯ ಮೂರು ಸುತ್ತೋಲೆಗಳ ಭಾಷೆ ಹೆಚ್ಚುಕಡಿಮೆ ಒಂದೇ, ದಿನಾಂಕ ಮತ್ತು ದರ ಮಾತ್ರ ಬೇರೆ. ಯಾವುದು ಬೇಕಾದರೂ ಮೇಲೆ ಬರಬಹುದು. ಪ್ರತಿ ತುಂಡಿನ ತಲೆಯ ಮೇಲೆ ಸುತ್ತೋಲೆ ಸಂಖ್ಯೆ, ಜಾರಿಯ ದಿನಾಂಕ, ರದ್ದಾಗಿದ್ದರೆ ರದ್ದಾದ ದಿನಾಂಕ ಬರೆಯಿರಿ. ರದ್ದಾದವನ್ನು ಹುಡುಕಾಟದಿಂದ ಹೊರಗಿಡುವುದು ಇನ್ನೂ ಒಳ್ಳೆಯದು.

ಕನ್ನಡದ ಕಚೇರಿಗಳಿಗೇ ಅಂಟಿದ ಇನ್ನೊಂದು ತೊಡಕಿದೆ. ಹಳೆಯ ಕಡತಗಳು ನುಡಿ, ಬರಹ, ಶ್ರೀಲಿಪಿಯ ಯುನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಆಗಿರುತ್ತವೆ. ಪರದೆಯ ಮೇಲೆ ಚೊಕ್ಕ ಕನ್ನಡ ಕಾಣುತ್ತದೆ. ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮಾಡೆಲ್‌ಗೆ ಸಿಗುವುದು ಆ ಕಲಸುಮೇಲೋಗರವೇ. ಮೊದಲು ಯುನಿಕೋಡ್‌ಗೆ ಪರಿವರ್ತಿಸಬೇಕು, ಆಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಕಣ್ಣಾಡಿಸಿ ನೋಡಬೇಕು. ಯುನಿಕೋಡ್ ಪಿಡಿಎಫ್ ಆದರೂ ಪಠ್ಯ ಹೊರತೆಗೆಯುವಾಗ ಒತ್ತುಗಳು ಜಾಗ ಬದಲಿಸುವುದುಂಟು. ಸೂಚಿ ಕಟ್ಟುವ ಮೊದಲು ಹತ್ತು ಕಡತ ತೆರೆದು ಈ ನೋಟ್‌ಪ್ಯಾಡ್ ಪರೀಕ್ಷೆ ಮಾಡಿ. ಐದು ನಿಮಿಷದ ಕೆಲಸ, ಎಷ್ಟೋ ದಿನಗಳ ತಲೆನೋವು ತಪ್ಪುತ್ತದೆ.

‘ಎಂಸಿಪಿ ಹಾಕಿದ್ದೇವೆ, ಎಲ್ಲ ಕಡತವೂ ಸಂಪರ್ಕದಲ್ಲಿದೆ’ ಎನ್ನುವವರು ಈಚೆಗೆ ಸಿಗುತ್ತಾರೆ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಬಿಡುಗಡೆ ಮಾಡಿದ ಎಂಸಿಪಿ, ಅಂದರೆ ಎಐಯನ್ನು ಕಡತ-ಡೇಟಾಬೇಸ್‌ಗಳಿಗೆ ಜೋಡಿಸುವ ಮಾನದಂಡ, ಒಂದು ಪ್ಲಗ್ ಪಾಯಿಂಟ್ ಇದ್ದಂತೆ, ಕರೆಂಟ್ ಬರುವುದು ಬೇರೆ ಕಡೆಯಿಂದ. ಹಾಳು ಕಡತಕ್ಕೆ ಸಂಪರ್ಕ ಕೊಟ್ಟರೆ ಹಾಳು ಉತ್ತರವೇ ಬೇಗ ಬರುತ್ತದೆ.

ಫೈನ್-ಟ್ಯೂನಿಂಗ್, ಚಾಟ್‌ನ ನೆನಪು

ಫೈನ್-ಟ್ಯೂನಿಂಗ್ ಬೇಡ. ಮಾಡೆಲ್‌ಗೆ ನಿಮ್ಮ ಶೈಲಿ ಕಲಿಸಲು ಅದು ಸರಿ ಇರಬಹುದು. ತುಪ್ಪದ ತೆರಿಗೆ ಬದಲಾದ ದಿನ ಒಳಗೆ ಕಲಿತ ಹಳೆಯದನ್ನು ಅಳಿಸಲು ರಬ್ಬರ್ ಇಲ್ಲ, ಮತ್ತೆ ತರಬೇತಿ ಕೊಡಬೇಕು.

ಚಾಟ್‌ನಲ್ಲಿ ತಿದ್ದಿದ್ದನ್ನು ಅಸಿಸ್ಟೆಂಟ್ ನೆನಪಿಟ್ಟುಕೊಳ್ಳುವ ಸೌಲಭ್ಯ ಆಕರ್ಷಕ. ಆದರೆ ಮಾರಾಟದವರು ‘ಸೇಲ್ಸ್ ಎಂದರೆ ಡಿಸ್ಪ್ಯಾಚ್’ ಎಂದು ತಿದ್ದಿದ್ದು ಲೆಕ್ಕಪತ್ರದವರ ಉತ್ತರಕ್ಕೂ ಅಂಟಿದರೆ ಜಗಳ ಖಂಡಿತ. ನೆನಪು ಆಯಾ ವ್ಯಕ್ತಿಗೆ ಮಾತ್ರ ಇರಲಿ. ಎಲ್ಲರಿಗೂ ಅನ್ವಯಿಸುವ ತಿದ್ದುಪಡಿ ಒಬ್ಬರ ಸಹಿ ದಾಟಿ ವ್ಯೂಗೆ ಹೋಗಲಿ.

ಯಾರಿಗೆ ಯಾವುದು

ಹತ್ತು ಟೇಬಲ್‌ಗಿಂತ ಕಡಿಮೆ ಇರುವ ಒಂದೇ ಸಂಘ ಅಥವಾ ಸಣ್ಣ ಸಂಸ್ಥೆಗೆ ಕಾಲಂ ವಿವರಣೆ ಮತ್ತು ಒಂದು ಪುಟದ ಸೂಚನೆ ಸಾಕು. ಜಿಲ್ಲಾ ಮಟ್ಟದ ಒಕ್ಕೂಟಕ್ಕೆ ಎಂಟು-ಹತ್ತು ವ್ಯೂ, ಅವಧಿ ಟೇಬಲ್‌ಗಳು (‘ಪ್ಯಾಕ್ ಅಳತೆ’ಯಂತೆ ದಿನಾಂಕ ಇರುವವು), 20 ಮಾದರಿ, ಒಂದು ಪುಟದ ಸೂಚನೆ, ಇದೇ ಕ್ರಮದಲ್ಲಿ. ಹಲವು ಒಕ್ಕೂಟಗಳ ಲೆಕ್ಕ ಒಂದೆಡೆ ಸೇರಿಸುವ ಮಹಾಮಂಡಳದಂಥ ಕಡೆ ಮಾತ್ರ ಹಣ ಕೊಟ್ಟು ಸೆಮ್ಯಾಂಟಿಕ್ ಲೇಯರ್ ತರಲು ಅರ್ಥವಿದೆ. ಅಲ್ಲಿ ‘ಸಕ್ರಿಯ ಸಂಘ’ ಎಂಬ ಒಂದು ಪದಕ್ಕೇ ಒಂದೊಂದು ಒಕ್ಕೂಟದಲ್ಲಿ ಒಂದೊಂದು ಅರ್ಥ ಇರಬಹುದು. ದಾಖಲೆ ಹುಡುಕಾಟ ಎಲ್ಲರಿಗೂ ಕೊನೆಯ ಹೆಜ್ಜೆ.

ಎಲ್ಲರಿಗೂ ಅನ್ವಯಿಸುವ ಒಂದು ಎಚ್ಚರಿಕೆ ಇದೆ. ಅಸಿಸ್ಟೆಂಟ್ ಅರ್ಥ ಮಾಡಿಕೊಳ್ಳಲಿ ಎಂದು ಕಾಲಂಗಳ ಮಾದರಿ ಮೌಲ್ಯಗಳನ್ನು ಮಾಡೆಲ್‌ಗೆ ಕಳಿಸುವ ಸೌಲಭ್ಯ ಹಲವು ಸಾಧನಗಳಲ್ಲಿದೆ. ರೈತರ ಟೇಬಲ್‌ನಲ್ಲಿ ಅದನ್ನು ಆನ್ ಮಾಡಿದರೆ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ನಂಬರ್ ಹೊರಗೆ ಹೋಗುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರಲಿ ಬಿಡಲಿ, ಅವು ಹೋಗಕೂಡದು. ಅಸಿಸ್ಟೆಂಟ್‌ಗೆ ಓದಲು ಮಾತ್ರ ಅನುಮತಿಯಿರುವ ಬೇರೆ ಲಾಗಿನ್ ಮಾಡಿ, ಆ ಲಾಗಿನ್‌ಗೆ ವ್ಯೂಗಳು ಮಾತ್ರ ಕಾಣಲಿ. ವ್ಯೂಗಳಲ್ಲಿ ಆ ಕಾಲಂಗಳೇ ಇರದಿರಲಿ.

ಪರೀಕ್ಷೆಗೆ ಮೊದಲು ಕೂಡಿಹಾಕಿದ 40-50 ಪ್ರಶ್ನೆಗಳೇ ಸಾಕು. ಮಾದರಿಯಾಗಿ ಕೊಟ್ಟ ಪ್ರಶ್ನೆಗಳನ್ನು ಈ ಪಟ್ಟಿಯಿಂದ ತೆಗೆದುಬಿಡಿ, ಇಲ್ಲದಿದ್ದರೆ ಉತ್ತರಪತ್ರಿಕೆ ಕೊಟ್ಟು ಪರೀಕ್ಷೆ ಬರೆಸಿದಂತೆ. ಒಂದೊಂದು ಪ್ರಶ್ನೆಯನ್ನೂ ಮೂರು ಸಲ ಕೇಳಿ. ಮೂರು ಸಲವೂ ಸರಿ ಬಂದರೆ ಮಾತ್ರ ಅಂಕ. ಎರಡು ಸಲ ಸರಿ, ಒಂದು ಸಲ ತಪ್ಪು ಬರುವ ಪ್ರಶ್ನೆಗಳು ಬೆಲೆಬಾಳುವವು. ಅಲ್ಲಿ ವಾಕ್ಯವೊಂದು ಸೂತ್ರದ ಕೆಲಸ ಮಾಡುತ್ತಿದೆ ಎಂದು ತಿಳಿದು ಅದನ್ನು ವ್ಯೂಗೆ ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಇಡೀ ಪಟ್ಟಿಯನ್ನು ಮತ್ತೆ ಓಡಿಸಿ. ಸಾಧನದವರು ಮಾಡೆಲ್ ಬದಲಿಸಿದ ದಿನವೂ ಓಡಿಸಿ, ಅವರು ಮುಂಚೆ ಹೇಳಿ ಬದಲಿಸುತ್ತಾರೆಂದು ನಂಬಿ ಕೂರಬೇಡಿ.

ದರ, ಪ್ಯಾಕ್ ಅಳತೆ, ತೆರಿಗೆ, ರೂಟ್ ಯಾವುದೇ ಬದಲಾದರೂ ಅದರ ಸುತ್ತೋಲೆಯ ಪ್ರತಿ ಹೋಗಬೇಕಾದವರ ಪಟ್ಟಿ ಕೆಳಗೆ ಇರುತ್ತದಲ್ಲ, ಅದರಲ್ಲಿ ಅವಧಿ ಟೇಬಲ್ ನೋಡಿಕೊಳ್ಳುವವರ ಹುದ್ದೆಯನ್ನೂ ಸೇರಿಸಿ. ಜಾರಿಯ ದಿನಾಂಕಕ್ಕಿಂತ ಒಂದು ದಿನ ಮೊದಲು ಟೇಬಲ್‌ನಲ್ಲಿ ಹೊಸ ಸಾಲು ಬಿದ್ದಿರಬೇಕು, ಹಳೆಯ ಸಾಲಿನ 9999 ತೆಗೆದು ಕೊನೆಯ ದಿನಾಂಕ ಹಾಕಿರಬೇಕು.